ಕೊಪ್ಪೆ

ಬನವಾಸಿಯ ಹೆಸರನ್ನು ಗಾಳಿಯೊಡನೆ ಎಂದೆಂದಿಗೂ ಬೆಸೆದವನು ಪಂಪ. 941ರ ಸುಮಾರಿನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದಕ್ಷಿಣದ ಮಂದಾನಿಲದ ಸ್ಪರ್ಶಮಾತ್ರದಿಂದಲೇ ಈ ನಾಡು ನೆನಪಿಗೆ ಬರುವುದು. ಆ ಪದ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮಧುಕೇಶ್ವರನ ದರ್ಶನಕ್ಕೆಂದು ಆಷಾಢದಲ್ಲಿ ಹೊರಟುಬರುವ ಸಹೃದಯನು, ಪಡುವಣ ಘಟ್ಟವನ್ನೇರಿ ಬರುವ ಬೇರೊಂದು ಗಾಳಿಯೂ ಈ ಸೀಮೆಗೆ ಉಂಟೆಂಬುದನ್ನು ಅರಿತಿರಬೇಕು. ದೇವಿಮನೆ ಘಟ್ಟದ ನೆತ್ತಿಯಲ್ಲಿ ಎದುರಿನ ಮರವೂ ಕಾಣದಂತೆ ಮಂಜು ಮುಸುಕಿ, ಶಿರಸಿಯ ಪೇಟೆಯಲ್ಲಿ ಜಡಿಮಳೆ ಹಿಡಿದಿರಲು, ಅಲ್ಲಿಂದ 15 ಮೈಲಿಗೂ ಕಡಿಮೆ ದಾರಿ ಸಾಗಿ ಬನವಾಸಿಯ ವರದಾ ನದಿಯ ದಡವನ್ನು ಸೇರುವಷ್ಟರಲ್ಲಿ ಮೋಡ ಹರಿದು ಬಿಸಿಲು ಬಿದ್ದಿರುವುದೂ ಉಂಟು. ಇಂಥಲ್ಲಿಗೆ ಬರುವವರು ಏನನ್ನು ಉಟ್ಟು ತೊಟ್ಟು ಬರಬೇಕೆಂಬ ಪ್ರಶ್ನೆಗೆ ಇಲ್ಲಿನವರ ಬಾಯಲ್ಲಿ ಒಂದೇ ಶಬ್ದದ ಉತ್ತರವಿದೆ: ಕೊಪ್ಪೆ.

ನಾನು ಬಾಲ್ಯದಲ್ಲಿ ಸಿದ್ದಾಪುರದ ಕಡೆಯ ಬಂಧುಗಳ ಮನೆಯಿಂದ ಕೊಡೆ ಹಿಡಿದು ಹೊರಟಾಗ, ಜಗಲಿಯಲ್ಲಿದ್ದ ಹಿರಿಯರು, “ಗಾಳಿ ಬತ್ತು, ಕೊಡೆ ಬ್ಯಾಡ ತಮಾ, ಕೊಪ್ಪೆ ಹಾಕ್ಯಂಡು ಹೋಗು” ಎಂದಿದ್ದರು. ತೋಟದ ದಾರಿ ಮುಗಿದು ಬಯಲು ಸಿಕ್ಕೊಡನೆ ಕೊಡೆ ಮಗುಚಿ ಕಡ್ಡಿಗಳು ಮುರಿದಾಗ ಆ ಮಾತಿನ ಅರ್ಥ ನನಗೆ ತಿಳಿಯಿತು. ಕೊಡೆಯು ಗಾಳಿಯೊಡನೆ ಸೆಣಸುವುದು. ಕೊಪ್ಪೆಯು ಗಾಳಿಗೆ ಮೈಗೊಟ್ಟು ಒಡೆಯನನ್ನು ಕಾಯುವುದು.

ಕರಿಕಂಬಳಿಯನ್ನು ಎರಡಾಗಿ ಮಡಿಸಿ, ಮೇಲ್ತುದಿಯನ್ನು ಮೊನೆಯಾಗುವಂತೆ ಕೂಡಿಸಿ ನೆತ್ತಿಗೇರಿಸಿದರೆ ಅದು ಕಂಬಳಿಕೊಪ್ಪೆ. ಬೆನ್ನು ಪೂರ್ತಿಯಾಗಿ ಮುಚ್ಚಿ, ಎರಡು ಕೈಗಳೂ ಬಿಡುವಾಗಿರುವುದರಿಂದ ಗದ್ದೆಯ ನಾಟಿಗೂ ತೋಟದ ಕೆಲಸಕ್ಕೂ ಇದಕ್ಕಿಂತ ಅನುಕೂಲವಾದ ಉಡುಪಿಲ್ಲ. ರಾಣೆಬೆನ್ನೂರು ಸೀಮೆಯ ಮೇಡ್ಲೇರಿಯಂಥ ಊರುಗಳಲ್ಲಿ, ಚಳ್ಳಕೆರೆಯ ಸುತ್ತಿನಲ್ಲಿ, ಬಯಲುನಾಡಿನ ಕುರುಬರು ಹುಣಸೆಬೀಜದ ಸರಿಯನ್ನು ಎಳೆಗಳಿಗೆ ಬಳಿದು ಬಿಗಿಯಾಗಿ ನೇಯ್ದ ಕಂಬಳಿಯ ಮೇಲೆ ಮಳೆ ಹನಿ ಬೇಗನೆ ಒಳಗಿಳಿಯದು. ಮೇಲಾಗಿ ಉಣ್ಣೆಯು ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಯೂ ಮೈಗೆ ಒದ್ದೆಯೆನಿಸದು. ಮಳೆಯನ್ನೇ ಬಹಳವಾಗಿ ಕಾಣದ ನಾಡಿನ ನೇಕಾರನು ಮಳೆನಾಡಿನ ರೈತನಿಗೆ ಕವಚವನ್ನು ಒದಗಿಸಿದನೆಂಬುದು ಕನ್ನಡ ನಾಡಿನ ಪರಸ್ಪರ ಋಣಗಳಲ್ಲಿ ಒಂದು.

ಆದರೆ ಕೊಪ್ಪೆಯೆಂಬ ಶಬ್ದವು ಕಂಬಳಿಗೆ ಅಂಟಿಕೊಂಡು ಉಳಿಯಲಿಲ್ಲ. ಕಂಬಳಿಯಿಲ್ಲದ ಬಡವನು ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ದೂಡಿ ತಲೆಗೇರಿಸಿದಾಗ ಅದು ಗೋಣಿಕೊಪ್ಪೆಯಾಯಿತು. ಮುಂದೆ ಪ್ಲಾಸ್ಟಿಕ್ ಬಂದಾಗ ಪ್ಲಾಸ್ಟಿಕ್ ಕೊಪ್ಪೆಯಾಯಿತು. ಉಣ್ಣೆ ಹೋಗಿ ನಾರು, ನಾರು ಹೋಗಿ ಪ್ಲಾಸ್ಟಿಕ್ ಬಂದರೂ ಹೆಸರು ಮಾತ್ರ ಅಳಿಯಲಿಲ್ಲ. ಏಕೆಂದರೆ ಕೊಪ್ಪೆಯೆಂಬುದು ವಸ್ತ್ರದ ಹೆಸರಲ್ಲ, ಮಡಿಕೆಯ ಹೆಸರು. ವಸ್ತುವನ್ನು ಹೆಸರಿಸುವ ಶಬ್ದವು ವಸ್ತುವಿನೊಡನೆ ಮರೆಯಾಗುವುದು; ಕೈಯ ಜಾಣ್ಮೆಯನ್ನು ಹೆಸರಿಸುವ ಶಬ್ದವು ಆ ಜಾಣ್ಮೆ ಇರುವವರೆಗೂ ಬಾಳುವುದು.

ಚಂಚಲವಾದ ಹವೆಗೆ ಹೊಂದುವ ಉಡುಪಿನ ಲಕ್ಷಣವೂ ಇದೇ. ಮಳೆ ಬಂದರೆ ಕೊಪ್ಪೆಯಾಗುವ ಕಂಬಳಿ, ಹೊಳವಾದರೆ ಹೆಗಲ ಮೇಲಿನ ಮಡಿಕೆ. ದಣಿದವನಿಗೆ ಹಾಸು, ಇರುಳಿನ ಚಳಿಗೆ ಹೊದಿಕೆ. ಹವೆ ಬದಲಾದಂತೆಲ್ಲ ಬೇರೆ ಬೇರೆ ಬಟ್ಟೆಗಳನ್ನು ಹೊತ್ತು ತರುವುದಕ್ಕಿಂತ, ತಾನೇ ಬದಲಾಗಬಲ್ಲ ಒಂದನ್ನು ತರುವುದು ವಿವೇಕ.

ಆದುದರಿಂದ ಮಳೆಗಾಲದಲ್ಲಿ ಬನವಾಸಿಗೋ ಯಲ್ಲಾಪುರದ ಮಾಗೋಡಿಗೋ ಬರುವ ಓದುಗರೇ, ಒಂದು ಕೈಮಗ್ಗದ ಕಂಬಳಿಯನ್ನು ಕೊಂಡುತನ್ನಿರಿ. ಉಳಿದುಕೊಂಡ ಮನೆಯ ಹಿರಿಯರಿಂದ ಅದನ್ನು ಕೊಪ್ಪೆಯಾಗಿ ಮಡಿಸುವುದನ್ನು ಕಲಿಯಿರಿ. ಕಲಿತುದನ್ನು ನಿಮ್ಮ ಮಕ್ಕಳಿಗೂ ತೋರಿಸಿರಿ. ಆ ಮಡಿಕೆ ಮರೆತುಹೋದ ದಿನ ಈ ಶಬ್ದವೂ ಇರದು.