ಮುರಕಲ್ಲು ಅಳಿಸಿದ ಕಾಡು

ಕಾಸರಗೋಡಿನ ಕಡಲತಡಿಯ ಗಾಳಿಮರಗಳನ್ನು ನೋಡಿ ಪೈನ್ ಮರ ಎನ್ನುವವರಿದ್ದಾರೆ. ಸೂಜಿಯೆಲೆಯಂತೆ ಕಾಣುವ ಕಿರುಕೊಂಬೆ, ಗುಂಡಗಿನ ಒರಟು ಕಾಯಿ, ಗಾಳಿಗೆ ಸುಯ್ಯೆನ್ನುವ ಸದ್ದು ಎಲ್ಲವೂ ಇದೆ. ಆದರೂ ಅದು ಹೂಬಿಡುವ ಮರಗಳ ಕುಲ, ಪೈನಿನಂಥ ಶಂಕುಧಾರಿ (ಕಾನಿಫರ್) ಅಲ್ಲ. ನಿಜವಾದ ಶಂಕುಧಾರಿ ಬೇಕೆಂದರೆ ಅಂಗಳದ ಕುಂಡದಲ್ಲಿರುವ ‘ಕ್ರಿಸ್ಮಸ್ ಗಿಡ’ವನ್ನು ನೋಡಬೇಕು. ಅದು ಅರೌಕೇರಿಯ, ಶಾಂತಸಾಗರದ ದ್ವೀಪಗಳಿಂದ ಬಂದ ವಲಸಿಗ. ಅದರ ಬಳಗ ಒಂದು ಕಾಲದಲ್ಲಿ ಈ ನೆಲದ್ದೇ ಆಗಿತ್ತು ಎಂಬುದಕ್ಕೆ ಸಾಕ್ಷಿ ಕಚ್ಛದ ಬಂಡೆಗಳಲ್ಲಿದೆ, ಜಾರ್ಖಂಡಿನ ರಾಜಮಹಲ್ ಬೆಟ್ಟಗಳಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಮಾತ್ರ ಹುಡುಕುವುದು ಕಷ್ಟ.

ಕಾರಣ ಕಾಲಡಿಯಲ್ಲೇ ಇದೆ. ಇಲ್ಲಿನ ಬುಡಬಂಡೆ 250 ಕೋಟಿ ವರ್ಷಕ್ಕೂ ಹಳೆಯದು. ಆಗ ಮರವೆಂಬುದೇ ಇರಲಿಲ್ಲ. ಶಂಕುಧಾರಿಗಳು ಹುಟ್ಟಿದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ. ಬುಡಬಂಡೆಯ ಮೇಲೆ ಹಾಸಿರುವ ಮುರಕಲ್ಲೋ, ಮಳೆಗೆ ನೆನೆದು ಬಿಸಿಲಿಗೆ ಒಣಗಿ, ಕಬ್ಬಿಣ–ಅಲ್ಯೂಮಿನಿಯಂ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ತೊಳೆದುಬಿಟ್ಟ ಕಲ್ಲು. ಸುರಂಗ ತೋಡಿ ನೀರು ತರುವವರಿಗೆ ಅದು ಉಪಕಾರಿ, ಪಳೆಯುಳಿಕೆ ಹುಡುಕುವವರಿಗೆ ಶತ್ರು. ಎಲೆ, ಪರಾಗ, ತೊಗಟೆ ಯಾವುದೂ ಅದರಲ್ಲಿ ಉಳಿಯದು. ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ನೀಲೇಶ್ವರ–ಚೆರುವತ್ತೂರು ಕಡೆ ಮಾತ್ರ ಮುರಕಲ್ಲಿನ ಕೆಳಗೆ ಮರಳು, ಶೇಡಿಮಣ್ಣು, ಅಲ್ಲಲ್ಲಿ ಕಪ್ಪು ಲಿಗ್ನೈಟು ಕಾಣುತ್ತವೆ. 1882ರಲ್ಲಿ ವಿಲಿಯಂ ಕಿಂಗ್ ತಿರುವಾಂಕೂರಿನ ವರ್ಕಲದಲ್ಲಿ ವಿವರಿಸಿದ ಪದರಗಳ ಬಳಗದವು ಇವು. ಈ ಸಾಲು ಕಣ್ಣೂರಿನ ಮಾಡಾಯಿಯವರೆಗೂ ಚಾಚಿದೆ. ಹಾಗಾಗಿ ಕಾಸರಗೋಡಿನ ಹಳೆಯ ಕಾಡಿನ ಕತೆಯನ್ನು ನೆರೆಯವರ ದಾಖಲೆ ಓದಿಯೇ ಕಟ್ಟಬೇಕು.

ನೆರೆಯವರಲ್ಲಿ ಮೊದಲಿನದು ತಮಿಳುನಾಡಿನ ತಿರುವಕ್ಕರೈ. ಪುದುಚೇರಿಯ ಹತ್ತಿರದ ಆ ಊರಲ್ಲಿ ಕಲ್ಲಾದ ಕಾಂಡಗಳು ಬಯಲಲ್ಲೇ ಬಿದ್ದಿವೆ. ಫ್ರೆಂಚ್ ಪ್ರವಾಸಿ ಸೊನ್ನೆರಾ 1781ರಲ್ಲಿ ಅವನ್ನು ಗಮನಿಸಿದ. 1855ರಲ್ಲಿ ಜರ್ಮನಿಯ ಶ್ಲೈಡನ್, ಜೀವಕೋಶ ಸಿದ್ಧಾಂತದಿಂದ ಹೆಸರಾದ ಅದೇ ಶ್ಲೈಡನ್, ಅಲ್ಲಿನ ಒಂದು ತುಂಡಿಗೆ ಹೆಸರಿಟ್ಟ. ಆ ಹಂತದಲ್ಲಿ ವಿಜ್ಞಾನವೆಂದರೆ ನಾಮಕರಣ. 1863ರಲ್ಲಿ ಓಲ್ಡ್‌ಹ್ಯಾಮ್ ಮತ್ತು ಮಾರಿಸ್ ರಾಜಮಹಲ್ ಬೆಟ್ಟಗಳ ಎಲೆಯಚ್ಚುಗಳನ್ನು ಪ್ರಕಟಿಸಿದರು, 1876ರಲ್ಲಿ ಫೀಸ್ಟ್‌ಮಾಂಟೆಲ್ ಕಚ್ಛದವನ್ನು. ಎಲೆಯ ಹೊರ ಆಕಾರ ನೋಡಿ ಹೆಸರು ಕೊಡುವ ಆ ಪದ್ಧತಿಯಲ್ಲಿ ಒಂದೇ ಗಿಡದ ಎಳೆಯ ಕೊಂಬೆ, ಬಲಿತ ಕೊಂಬೆಗಳಿಗೆ ಬೇರೆಬೇರೆ ಹೆಸರು ಬೀಳುವ ಅಪಾಯ ಯಾವಾಗಲೂ ಇತ್ತು.

ಈ ಗೊಂದಲಕ್ಕೆ ಕೈಹಾಕಿದವರು ಬೀರಬಲ್ ಸಾಹ್ನಿ. ಕೇಂಬ್ರಿಜ್‌ನಲ್ಲಿ ಸೀವರ್ಡ್ ಅವರ ಶಿಷ್ಯರಾಗಿ, 1920ರಲ್ಲಿ ಗುರುವಿನೊಡನೆ, ಭಾರತ ಸೇರಿದ್ದ ಪುರಾತನ ದಕ್ಷಿಣಖಂಡ ಗೊಂಡ್ವಾನದ ಸಸ್ಯಗಳ ಪರಿಷ್ಕರಣೆ ಪ್ರಕಟಿಸಿದರು. ಆಮೇಲೆ ಭಾರತದ ಶಂಕುಧಾರಿಗಳನ್ನಷ್ಟೇ ತೆಗೆದುಕೊಂಡು ಎರಡು ಸಂಪುಟ ಬರೆದರು: 1928ರಲ್ಲಿ ಎಲೆಯಚ್ಚುಗಳದು, 1931ರಲ್ಲಿ ಕಲ್ಲಾದ ಮರ–ಕಾಯಿಗಳದು. ಎರಡನೆಯದು ನನ್ನ ಮಟ್ಟಿಗೆ ಈ ಕ್ಷೇತ್ರದ ನಿಜವಾದ ತಿರುವು. ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಅರೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಒಳಗು ಕಾಣುತ್ತದೆ. ಶಂಕುಧಾರಿಯ ಮರದಲ್ಲಿ ಹಲಸು–ಮಾವಿನಲ್ಲಿರುವಂಥ ಅಗಲ ನೀರ್ನಾಳಗಳಿಲ್ಲ. ಒಂದೇ ಬಗೆಯ ಸಣ್ಣ ಕೋಶಗಳ ನೇರ ಸಾಲು. ಆ ಕೋಶಗಳ ಗೋಡೆಯ ಗುಳಿಗಳು ಆರುಮೂಲೆಯಾಗಿ ಒತ್ತೊತ್ತಾಗಿದ್ದರೆ ಅರೌಕೇರಿಯ ಬಳಗ, ಬಿಡಿಬಿಡಿಯಾಗಿದ್ದರೆ ಪೊಡೊಕಾರ್ಪ್ ಎಂಬ ಇನ್ನೊಂದು ಶಂಕುಧಾರಿ ಬಳಗದ ಕಡೆಗೆ ಸಂಶಯ. ಬೆಳವಣಿಗೆಯ ಉಂಗುರ ಸ್ಪಷ್ಟವಾಗಿದ್ದರೆ ಋತುಭೇದ ಜೋರಾಗಿತ್ತೆಂದು ಅರ್ಥ. ಶ್ಲೈಡನ್‌ನ ತಿರುವಕ್ಕರೈ ಮರ ಸಾಹ್ನಿಯ ಕೈಯಲ್ಲಿ ಪೊಡೊಕಾರ್ಪ್ ಗುಂಪಿನ ಹೆಸರು ಪಡೆಯಿತು.

1946ರಲ್ಲಿ ಲಖನೌದಲ್ಲಿ ಅವರು ಪುರಾಸಸ್ಯವಿಜ್ಞಾನ ಸಂಸ್ಥೆ ಆರಂಭಿಸಿದರು. 1949ರ ಏಪ್ರಿಲ್ 3ರಂದು ಅದರ ಕಟ್ಟಡಕ್ಕೆ ನೆಹರೂ ಇಟ್ಟ ಅಡಿಗಲ್ಲಿನಲ್ಲೇ ಪಳೆಯುಳಿಕೆಗಳನ್ನು ಕೂರಿಸಲಾಗಿತ್ತು. ವಾರ ಕಳೆಯುವಷ್ಟರಲ್ಲಿ ಸಾಹ್ನಿ ತೀರಿಕೊಂಡರು. ಹೆಂಡತಿ ಸಾವಿತ್ರಿ ಸಾಹ್ನಿ ಸಂಸ್ಥೆಯನ್ನು ಕೈಬಿಡದೆ ನಡೆಸಿದರು.

ಮುಂದಿನ ಪೀಳಿಗೆ ಎರಡು ದಾರಿ ಹಿಡಿಯಿತು. ಅಲಹಾಬಾದಿನ ದಿವ್ಯದರ್ಶನ್ ಪಂತ್ ಮತ್ತು ನೌಟಿಯಾಲ್ 1967ರಲ್ಲಿ, ಜುರಾಸಿಕ್‌ಗೂ ಹಿಂದಿನ ಪರ್ಮಿಯನ್ ಕಾಲದ ಬುರಿಯಾಡಿಯ ಎಂಬ ಗಿಡವನ್ನು ಪರೀಕ್ಷಿಸಿ, ಅದರ ಬೀಜಗಳು ಶಂಕುವಿನಲ್ಲಿಲ್ಲ, ಕೊಂಬೆಯ ಮೇಲೆ ಒಂಟಿಯಾಗಿ ಬರುತ್ತವೆ ಎಂದು ತೋರಿಸಿದರು. ಶಂಕುವಿಲ್ಲದ ಶಂಕುಧಾರಿ! ಇನ್ನೊಂದು ದಾರಿ ಪರಾಗದ್ದು. ಸಿ.ಜಿ.ಕೆ. ರಾಮಾನುಜಂ 1953ರಲ್ಲಿ ಪುದುಚೇರಿ ಸುತ್ತಲಿನ ಕಲ್ಲಾದ ಪೊಡೊಕಾರ್ಪ್ ಮರಗಳಿಂದ ಆರಂಭಿಸಿ, ನೈವೇಲಿ ಮತ್ತು ವರ್ಕಲದ ಲಿಗ್ನೈಟಿನ ಪರಾಗ, ಬೀಜಕಣಗಳಿಗೆ ಬಂದರು. ಚೆರುವತ್ತೂರಿನ ಪದರಗಳೂ ವರ್ಕಲದ ಬಳಗದವೇ ಆದ್ದರಿಂದ ನಮಗೆ ಹತ್ತಿರದ ಕೆಲಸ ಇದೇ.

ಪೊಡೊಕಾರ್ಪ್ ಪರಾಗಕ್ಕೆ ಎರಡು ಗಾಳಿಚೀಲಗಳಿವೆ. ಅದು ಬಲುದೂರ ಹಾರುತ್ತದೆ. ಲಿಗ್ನೈಟಿನಲ್ಲಿ ನಾಲ್ಕು ಕಣ ಕಂಡ ಮಾತ್ರಕ್ಕೆ ಅಲ್ಲೇ ಕಾಡಿತ್ತು ಎನ್ನಲಾಗದು, ಘಟ್ಟದ ಮೇಲಿನಿಂದ ಬಂದಿರಬಹುದು. ಕಾಂಡಗಳ ಮಾತೂ ಅಷ್ಟೇ. ತಿರುವಕ್ಕರೈಯ ಮರಗಳಿಗೆ ಬೇರಿಲ್ಲ, ಕೊಂಬೆಯಿಲ್ಲ. ಹೊಳೆ ಹೊತ್ತು ತಂದು ಬಿಟ್ಟವು ಎಂಬುದು ಭೂವಿಜ್ಞಾನಿಗಳ ಮತ. ಹವಾಮಾನದ ತೀರ್ಪು ಕೊಡುವ ಮೊದಲು ಈ ಅಡ್ಡಿಗಳನ್ನು ದಾಟಬೇಕು, ಹಳೆಯ ಬರಹಗಳಲ್ಲಿ ಹಲವು ದಾಟಿಲ್ಲ.

ವಯಸ್ಸಿನ ಲೆಕ್ಕವೂ ಬದಲಾಗಿದೆ. ಬಹುಕಾಲ ಜುರಾಸಿಕ್ ಎನಿಸಿದ್ದ ರಾಜಮಹಲ್ ಸಸ್ಯಗಳು, ಅಲ್ಲಿನ ಲಾವಾದ ವಯಸ್ಸು ಸುಮಾರು 11.7 ಕೋಟಿ ವರ್ಷವೆಂದು ಗೊತ್ತಾದ ಮೇಲೆ, ಅದಕ್ಕಿಂತ ಈಚಿನ ಕ್ರಿಟೇಶಿಯಸ್‌ಗೆ ಇಳಿದವು. ಆಗ ಭಾರತ ದಕ್ಷಿಣದ ತಂಪು ಅಕ್ಷಾಂಶಗಳಲ್ಲಿತ್ತು. ಶಂಕುಧಾರಿಗಳ ದಟ್ಟಣೆಗೆ ಅದು ಒಪ್ಪುತ್ತದೆ. ಉತ್ತರಕ್ಕೆ ಸರಿಯುತ್ತ ಬಿಸಿಯೇರಿದಂತೆ ಹೂಮರಗಳು ಜಾಗ ಹಿಡಿದವು. ಅರೌಕೇರಿಯ ಬಳಗ ಭಾರತದಿಂದ ಅಳಿಯಿತು. ಪೊಡೊಕಾರ್ಪ್‌ಗಳಲ್ಲಿ ಒಂದು ಮಾತ್ರ, ನಗೇಯ ವಲ್ಲಿಚಿಯಾನ, ಪಶ್ಚಿಮಘಟ್ಟದ ದಕ್ಷಿಣ ಭಾಗದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಉಳಿದಿದೆ. ಸೂಜಿಯೆಲೆ ಇಲ್ಲ, ನಡುನರವಿಲ್ಲದ ಅಗಲ ಎಲೆ. ಕಂಡವರು ಶಂಕುಧಾರಿ ಎಂದು ನಂಬಲಾರರು. ಪಳೆಯುಳಿಕೆಯ ಪೊಡೊಕಾರ್ಪ್ ತೇವದ ನೆಲ ಬಯಸುತ್ತಿತ್ತು ಎನ್ನಲು ದಕ್ಷಿಣ ಭಾರತದಲ್ಲಿ ನಮಗಿರುವ ಜೀವಂತ ಅಳತೆಗೋಲು ಇದೊಂದೇ.

ಇತ್ತೀಚಿನ ಕಾಲಕ್ಕೆ ಬಂದರೆ ಆಸರೆ ಪುದುಚೇರಿಯ ಫ್ರೆಂಚ್ ಸಂಸ್ಥೆ. ಅಲ್ಲಿ ಉಷ್ಣವಲಯದ ಪರಾಗಗಳ ಅಧ್ಯಯನಕ್ಕೆ ಗಟ್ಟಿ ನೆಲೆ ಕೊಟ್ಟವರಲ್ಲಿ ಗಣಪತಿ ತಣಿಕೈಮಣಿ ಮುಖ್ಯರು. 1986ರಲ್ಲಿ ಕರಾಚಿಯ ವಿಮಾನ ಅಪಹರಣದಲ್ಲಿ ಪ್ರಾಣ ಕಳೆದುಕೊಂಡರು. ಅದೇ ಸಂಸ್ಥೆಯ ನಂಟಿನ ಕ್ಯಾರಟಿನಿ ತಂಡ 1994ರಲ್ಲಿ ಕಾರವಾರದ ಕಡಲಾಳದ ಕೆಸರು ಓದಿ, ಸುಮಾರು 3500 ವರ್ಷಗಳಿಂದ ಈ ಕರಾವಳಿಯ ತೇವ ತಗ್ಗಿದೆ ಎಂದಿತು. ಕೆಸರಿನ ಪದರ ಕೆಡದೆ ಉಳಿದದ್ದರಿಂದ ಅದು ಸಾಧ್ಯವಾಯಿತು. ಚೆರುವತ್ತೂರಿನ ಶೇಡಿಮಣ್ಣಿಗೂ ಅಂಥ ಓದು ಬೇಕಿದ್ದರೆ, ಮುರಕಲ್ಲಿನ ನೀರು ಇಳಿಯದ ಆಳದಿಂದ, ಲಿಗ್ನೈಟಿನ ಕಪ್ಪು ಪದರದಿಂದಲೇ ಮಾದರಿ ತೆಗೆಯಬೇಕು. ಕೆಂಪುಬಣ್ಣ ತಾಗಿದ ಮಣ್ಣಿನಲ್ಲಿ ಪರಾಗ ಸಿಗುವುದಿಲ್ಲ.