ದೀವಿಗೆಯೂ ಸೊಪ್ಪಿನ ಮಡಿಯೂ

ಕನ್ನಡ ನಾಡಿನ ದತ್ತಿಶಾಸನಗಳಲ್ಲಿ ನಂದಾದೀವಿಗೆಗೆ ಗಾಣದ ಎಣ್ಣೆಯನ್ನೂ ಪೂಜೆಗೆ ಹೂದೋಟವನ್ನೂ ಒಟ್ಟಿಗೆ ಬಿಟ್ಟಿರುವುದು ಅನೇಕ ಕಡೆ ಕಂಡುಬರುತ್ತದೆ. ಆದರೆ ಆ ಎರಡಕ್ಕೂ ಪರಸ್ಪರ ಸಂಬಂಧವಿರಲಿಲ್ಲ. ದೀಪವು ಗರ್ಭಗುಡಿಗೂ ತೋಟವು ಸೂರ್ಯನಿಗೂ ಸೇರಿದ್ದಿತು. ದೀಪವು ತೋಟದ ಕೆಲಸಕ್ಕೆ ಬಂದ ಬಗೆಯನ್ನೂ, ಮೊದಲ ಆದಿಲಶಾಹಿ ಅರಸರ ಸಮಾಧಿಗಳಿರುವ ಗೋಗಿಯಂತಹ ಬಿಸಿಲುಸೀಮೆಯ ಊರಿಗೆ ಅದರಿಂದಾಗತಕ್ಕ ಪ್ರಯೋಜನವನ್ನೂ ಇಲ್ಲಿ ಸಂಕ್ಷೇಪವಾಗಿ ವಿಚಾರಿಸುವೆವು.

ವಿದ್ಯುದ್ದೀಪದಿಂದಲೂ ಎಲೆಗೆ ಹಸುರುಬಣ್ಣ ಬರುವುದೆಂದು ಫ್ರಾನ್ಸಿನ ಹರ್ವೆ ಮಾಂಗೋನನು 1861ರಲ್ಲಿ ತೋರಿಸಿದನು. 1880ರಲ್ಲಿ ವಿಲಿಯಂ ಸೀಮೆನ್ಸನು ಇಂಗ್ಲೆಂಡಿನಲ್ಲಿ ಸಾಸಿವೆ ಮೊದಲಾದ ಗಿಡಗಳನ್ನು ಆರ್ಕ್ ದೀಪದ ಮುಂದಿರಿಸಿ ಬೆಳೆಸಿದನು. ಬರಿಯ ಜ್ವಾಲೆಯಿಂದ ಎಲೆಗಳಿಗೆ ಹಾನಿಯಾಯಿತು. ನಡುವೆ ಗಾಜನ್ನು ಹಿಡಿದಾಗ ಗುಣ ಕಂಡಿತು. 1891ರ ಸುಮಾರಿಗೆ ಅಮೆರಿಕದ ಲಿಬರ್ಟಿ ಹೈಡ್ ಬೇಲಿಯು ಲೆಟಿಸ್ ಸೊಪ್ಪು ಇಂತಹ ಬೆಳಕಿನಲ್ಲಿ ಬೇಗ ಬಲಿಯುವುದನ್ನು ಕಂಡನು. ಬೆಳಕು ಹೆಚ್ಚಿದಷ್ಟೂ ಲಾಭವೆಂಬ ಎಣಿಕೆಯು ನಿಲ್ಲಲಾರದೆಂದು ಈ ಪ್ರಯೋಗಗಳಿಂದ ಆಗಲೇ ತಿಳಿದುಬಂದಿತು.

ಬೆಳಕಿನ ಪ್ರಮಾಣದಂತೆಯೇ ಅದರ ಅವಧಿಯೂ ಮುಖ್ಯವಾದುದು. ಗಾರ್ನರ್ ಮತ್ತು ಅಲಾರ್ಡ್ ಎಂಬವರು 1920ರಲ್ಲಿ, ಅನೇಕ ಗಿಡಗಳು ಹಗಲಿನ ಉದ್ದವನ್ನನುಸರಿಸಿ ಹೂ ಬಿಡುವುವೆಂದು ಸ್ಥಾಪಿಸಿದರು. ಇದರ ಉಪಯೋಗವನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುಹೋದ ಕೋಲಾರದ ಸೀಮೆಯಲ್ಲಿ ಈಗ ಸೇವಂತಿಗೆಯ ಬೆಳೆಗಾರರು ರಾತ್ರಿ ಹೊಲಗಳಲ್ಲಿ ಬಲ್ಬುಗಳನ್ನು ಉರಿಸುತ್ತಾರೆ. ಸೇವಂತಿಗೆಯು ಕಿರುಹಗಲಿನ ಗಿಡವಾದುದರಿಂದ ಮೊಗ್ಗು ತಡೆದು ಗಿಡವು ಎಲೆಯಲ್ಲಿಯೇ ಬೆಳೆಯುತ್ತದೆ. ಕೊತ್ತಂಬರಿಯ ಸ್ವಭಾವವು ಇದಕ್ಕೆ ತೀರ ವಿರುದ್ಧ: ಹಗಲು ಉದ್ದವಾದರೆ ಅದು ಬೇಗನೆ ಹೂವಿಗೇರಿ ಸೊಪ್ಪಿಗೆ ಬಾರದಂತಾಗುತ್ತದೆ. ಆದುದರಿಂದ ಒಂದು ಬೆಳೆಯ ಪದ್ಧತಿಯನ್ನು ಮತ್ತೊಂದಕ್ಕೆ ಹಾಗೆಯೇ ಹಚ್ಚಲಾಗದು. ಗೋಗಿಯಲ್ಲಿ ಅತಿ ದೀರ್ಘವಾದ ಹಗಲು ಸುಮಾರು 13 ಗಂಟೆ, ಅತಿ ಹ್ರಸ್ವವಾದುದು 11 ಗಂಟೆ. ಅಲ್ಲಿಯ ಕೊತ್ತಂಬರಿಗೆ 16 ಗಂಟೆ ದೀಪ ಹಚ್ಚಿದವನು ಹಣ ಕೊಟ್ಟು ಬೆಳೆಯನ್ನು ಕೆಡಿಸಿಕೊಂಡಂತೆಯೇ ಸರಿ.

ಇನ್ನು ವೆಚ್ಚದ ಮಾತು. ಹಳೆಯ ತಂತಿಬಲ್ಬು ವಿದ್ಯುತ್ತಿನ ಬಹುಭಾಗವನ್ನು ಕಾವಾಗಿಯೇ ಕಳೆಯುತ್ತಿದ್ದಿತು. 1962ರಲ್ಲಿ ಕೆಂಪು ಎಲ್‌ಇಡಿಯೂ 1993ರಲ್ಲಿ ಪ್ರಖರವಾದ ನೀಲಿಯೂ ಬಂದ ಮೇಲೆ, ಎಲೆಯ ಹಸುರು ದ್ರವ್ಯವು ಹೆಚ್ಚಾಗಿ ಹೀರುವ ಕಿರಣಗಳನ್ನೇ ಒದಗಿಸುವುದು ಸಾಧ್ಯವಾಯಿತು. ಹೀಗಿದ್ದರೂ ಒಂದು ಚದರ ಮೀಟರು ಸೊಪ್ಪಿನ ಮಡಿಗೆ ಉತ್ತಮ ಎಲ್‌ಇಡಿಯನ್ನು 83 ವ್ಯಾಟಿನಂತೆ 12 ಗಂಟೆ ಉರಿಸಿದರೆ ದಿನಕ್ಕೆ 1 ಯೂನಿಟ್, ತಿಂಗಳಿಗೆ 30 ಯೂನಿಟ್ ಆಗುತ್ತದೆ. ಗೋಗಿಯ ಬಯಲಿನಲ್ಲಿ ಅಷ್ಟೇ ನೆಲಕ್ಕೆ ಸೂರ್ಯನು ಸುಮಾರು 5 ಯೂನಿಟ್ಟಿನಷ್ಟು ಶಕ್ತಿಯನ್ನು ದಿನವೂ ಬಿಟ್ಟಿಯಾಗಿ ಸುರಿಸುತ್ತಾನೆ.

ಇದರಿಂದ ಸಿದ್ಧವಾಗುವುದೇನೆಂದರೆ: ಆ ಸೀಮೆಯ ಸೊಪ್ಪಿಗೆ ಕೊರತೆಯಿರುವುದು ಬೆಳಕಿನದಲ್ಲ, ಬೇಸಗೆಯಲ್ಲಿ ನೆರಳಿನದು, ನೀರಿನದು. ಅಲ್ಲಿಯ ಒಕ್ಕಲಿಗನು ದೀಪಕ್ಕೆ ಸಾಲ ಮಾಡುವ ಮೊದಲು ನೆರಳಿನ ಬಲೆಗೂ ಹನಿನೀರಿಗೂ ಹಣ ಹಾಕುವುದು ಲೇಸು. ಕಿಟಕಿಯ ಬಿಸಿಲು ಬಾರದ ನಗರದ ಮನೆಗಾದರೆ ಒಂದು ಹಲಗೆಯಷ್ಟು ಮೆಂತ್ಯ, ಪುದೀನಗಳಿಗೆ ದೀಪವು ತಕ್ಕುದು. ಗಾಣದ ಎಣ್ಣೆಯನ್ನು ಸೊಲ್ಲಗೆಯಿಂದ ಅಳೆದು ಕೊಟ್ಟ ಹಿರಿಯರು ಬೆಳಕಿಗೆ ಬೆಲೆಯುಂಟೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು.