ಗಡಿಗಳ ನಡುವೆ ಮುಂಜಾನೆಯ ಪತ್ರಿಕೆ

ಇಂದು ಬಾಗಲಕೋಟೆ ಜಿಲ್ಲೆಯೊಳಗೆ ಒಟ್ಟಿಗಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿಗಳು ಸ್ವಾತಂತ್ರ್ಯದವರೆಗೆ ನಾಲ್ಕು ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು. ರಬಕವಿಯು ಸಾಂಗ್ಲಿಗೆ ಸೇರಿತ್ತು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಈ ಸೀಮೆಯ ಪತ್ರಿಕಾ ಓದಿನ ಚರಿತ್ರೆಯನ್ನು ಈ ಗಡಿಗಳನ್ನು ಬಿಟ್ಟು ಹೇಳಲಾಗದು.

1843ರಲ್ಲಿ ಮೋಗ್ಲಿಂಗನ 'ಮಂಗಳೂರ ಸಮಾಚಾರ'ದಿಂದ ಕನ್ನಡ ಪತ್ರಿಕೋದ್ಯಮ ಆರಂಭವಾಯಿತೆಂಬುದು ಸರ್ವವಿದಿತ. ಆದರೆ ಕೃಷ್ಣಾ-ಘಟಪ್ರಭೆಗಳ ಈ ನಾಡಿಗೆ ಮಂಗಳೂರಿಗಿಂತ ಪುಣೆಯೇ ಹತ್ತಿರವಾಗಿತ್ತು. ಜಮಖಂಡಿಗೆ ಆಗ ಸಮೀಪದ ರೈಲು ನಿಲ್ದಾಣ ಕುಡಚಿಯಾಗಿತ್ತು. ಆ ಹಳಿಗಳು ಮೀರಜಿನ ಮೂಲಕ ಟಿಳಕರ 'ಕೇಸರಿ'ಯ ಊರನ್ನು ಮುಟ್ಟುತ್ತಿದ್ದವು. ದರಬಾರಿನಲ್ಲಿ ಪ್ರಾಬಲ್ಯವೂ ಮರಾಠಿಯದೇ. ರನ್ನನು ಹುಟ್ಟಿದ ಮುದುವೊಳಲೇ ಈ ಮುಧೋಳ ಎಂಬುದನ್ನು ನೆನೆದರೆ ವಿಷಾದವಾಗುತ್ತದೆ.

ಬೆಳಗಾವಿಯಲ್ಲಿ ಹುಟ್ಟಿ ಮುಂದೆ ಹುಬ್ಬಳ್ಳಿಗೆ ಬಂದ 'ಸಂಯುಕ್ತ ಕರ್ನಾಟಕ'ದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಸಂಯುಕ್ತವಾದ ಕರ್ನಾಟಕವೇ ಇಲ್ಲದ ಕಾಲದಲ್ಲಿ ಆ ಹೆಸರೇ ಒಂದು ಬೇಡಿಕೆಯಾಗಿತ್ತು. ಸಂಸ್ಥಾನಗಳ ವಿಷಯ ಬರೆಯುವುದು ಸುಲಭವೂ ಆಗಿರಲಿಲ್ಲ: ರಾಜರ ವಿರುದ್ಧ ಅಸಮಾಧಾನ ಹುಟ್ಟಿಸುವ ಬರಹಕ್ಕೆ ಬ್ರಿಟಿಷ್ ಪ್ರಾಂತದಲ್ಲಿಯೂ ಶಿಕ್ಷೆ ವಿಧಿಸುವ ಕಾನೂನು 1922ರಲ್ಲಿಯೇ ಬಂದಿತ್ತು. ಬೀಳಗಿಯ ಸುದ್ದಿಗೂ ಜಮಖಂಡಿಯ ಸುದ್ದಿಗೂ ಹೀಗೆ ಬೇರೆ ಬೇರೆ ತೂಕವಿತ್ತು.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಏಕೀಕರಣ. ಮುಂದಿನ ದೊಡ್ಡ ತಿರುವು 1999ರದು. ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರ 'ವಿಜಯ ಕರ್ನಾಟಕ'ವು ಕಡಿಮೆ ಬೆಲೆಯೊಂದಿಗೆ ಜಿಲ್ಲಾವಾರು ಸುದ್ದಿಗೆ ಒತ್ತು ಕೊಟ್ಟಿತು, ಉಳಿದ ಪತ್ರಿಕೆಗಳೂ ಆ ದಾರಿಯನ್ನೇ ಹಿಡಿದವು. ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾಗಿ ಆಗ ಎರಡೇ ವರ್ಷ. ಬನಹಟ್ಟಿಯ ನೇಕಾರನ ಅಹವಾಲಿಗೂ ಮುಧೋಳದ ಕಬ್ಬು ಬೆಳೆಗಾರನ ಬಾಕಿ ಹಣಕ್ಕೂ ಪತ್ರಿಕೆಯಲ್ಲಿ ಜಾಗ ದೊರೆಯಿತು. ಇದನ್ನು ಸಣ್ಣ ಲಾಭವೆನ್ನಲಾರೆ. ಆದರೆ ಏಕೀಕರಣವು ಅಳಿಸಿದ್ದ ಗಡಿಗಳು ಜಿಲ್ಲಾಪುಟಗಳ ರೂಪದಲ್ಲಿ ಮರಳಿದವೆಂದೂ ನನಗೆ ತೋರುತ್ತದೆ. ರಬಕವಿಯಿಂದ ಕೃಷ್ಣೆಯನ್ನು ದಾಟಿದರೆ ಅಥಣಿ ತಾಲೂಕು, ಅದು ಬೆಳಗಾವಿ ಜಿಲ್ಲೆ. ಒಂದೇ ಪ್ರವಾಹದ ಕಥನವನ್ನು ಸಂಶೋಧಕನು ಇಂದು ಎರಡು ಆವೃತ್ತಿಗಳಲ್ಲಿ ಹುಡುಕಬೇಕು. ಗ್ರಂಥಾಲಯವು ತನ್ನ ಜಿಲ್ಲೆಯದನ್ನಷ್ಟೇ ತರಿಸಿದ್ದರೆ ಆಚೆಯ ದಡ ಅವನಿಗೆ ಕಾಣುವುದೇ ಇಲ್ಲ.